ರಂಪಣಿ ಪಾಲಿನ ಲಾಭಾಂಶ

2025ರ ಮಾರ್ಚ್ 22ರ ಶನಿವಾರ ಮಧ್ಯಾಹ್ನ ಹನ್ನೆರಡೂವರೆಗೆ, ತೋಡೂರಿನಲ್ಲಿ ನನ್ನ ತಮ್ಮನ ಮನೆಯ ಅಂಗಳದಲ್ಲಿ, ನಮ್ಮ ಪ್ರೈವೇಟ್ ಲಿಮಿಟೆಡ್ ಕಂಪನಿಯ ಮೊದಲ ವರ್ಷದ ಲಾಭದಿಂದ ಎರಡು ಲಕ್ಷ ನಲವತ್ತೈದು ಸಾವಿರ ರೂಪಾಯಿಯನ್ನು ನಗದಾಗಿ ಹಂಚಲಾಯಿತು. ತಲಾ ನಲವತ್ತು ಸಾವಿರದಂತೆ ಆರು ಪಾಲು. ಮೊದಲ ಪಾಲು ಟೆಂಪೋಕ್ಕೆ. ಎರಡನೆಯದು ಏಣಿ, ಗ್ಯಾಸ್ ಸಿಲಿಂಡರ್, ಡ್ರಿಲ್ ಮಶಿನ್ನುಗಳಿಗೆ. ಉಳಿದ ನಾಲ್ಕು ಮನುಷ್ಯರಿಗೆ. ಪಾಲು ಹಾಕುವ ಮೊದಲೇ ಐದು ಸಾವಿರ ಬೇರೆ ತೆಗೆದಿಟ್ಟು, ಅದರಲ್ಲಿ ದೇವರಿಗೆ ಸಾವಿರದ ಒಂದು ಕೊಟ್ಟು, ಮಿಕ್ಕಿದ್ದನ್ನು ಆ ಹೊತ್ತಿಗೆ ಅಂಗಳದಲ್ಲಿ ಕಂಡವರಿಗೆಲ್ಲ ಕೊಡಲಾಯಿತು.

ಕಂಡವರು ಇವರು: ಬಂಗಡೆ ಬುಟ್ಟಿ ಹೊತ್ತು ಬಂದಿದ್ದ ಹೆಂಗಸು, ಕರೆಂಟ್ ಬಿಲ್ ಕೊಡಲು ಬಂದಿದ್ದ ಮೀಟರ್ ರೀಡರ್, ದಾರಿ ಕೇಳಲು ಬೈಕ್ ನಿಲ್ಲಿಸಿದ ಒಬ್ಬ ಅಪರಿಚಿತ. ಅಪರಿಚಿತನಿಗೆ ಐನೂರು ಸಿಕ್ಕಿತು. ಆತ ದಾರಿ ಕೇಳದೆಯೇ ಹೋದ.

ಕಂಪನಿಗೆ ಇಬ್ಬರು ನಿರ್ದೇಶಕರು, ತಮ್ಮ ಮತ್ತು ನಾನು. ನಡೆದದ್ದು ಕಾನೂನಿಗೆ ವಿರುದ್ಧ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ನಾನು ಇಪ್ಪತ್ತೆರಡು ವರ್ಷ ಪತ್ರಿಕೆಯೊಂದರ ಕಾರವಾರ ಕಚೇರಿಯಲ್ಲಿ ಕೂತು ಬೇರೆಯವರ ಲೆಕ್ಕದ ತಪ್ಪುಗಳನ್ನು ಸುದ್ದಿ ಮಾಡಿದವಳು ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ಕಂಪನಿ ಹುಟ್ಟಿದ್ದು ಹೀಗೆ. ತಮ್ಮ ಎ.ಸಿ. ರಿಪೇರಿಯವ. ಕಾರವಾರದ ನೌಕಾನೆಲೆಯ ವಸತಿ ಕಟ್ಟಡಗಳ ಎ.ಸಿ. ನಿರ್ವಹಣೆಯ ಗುತ್ತಿಗೆ ಹಿಡಿದಿದ್ದ ಹೊರಗಿನ ದೊಡ್ಡ ಗುತ್ತಿಗೆದಾರರೊಬ್ಬರು ಅವನ ಕೆಲಸ ಮೆಚ್ಚಿ, ಒಳಗುತ್ತಿಗೆ ಕೊಡುತ್ತೇನೆ, ಆದರೆ ಬಿಲ್ಲು ಕಂಪನಿಯ ಹೆಸರಲ್ಲಿ ಬರಬೇಕು ಎಂದರು. ಕಂಪನಿ ಮಾಡಲು ಇಬ್ಬರು ಬೇಕು. ತಮ್ಮ ಫೋನ್ ಮಾಡಿ, "ಅಕ್ಕಾ, ನಿನ್ನ ಆಧಾರ್, ಪಾನ್ ಕಳಿಸು. ಒಂದು ಸಣ್ಣ ಕೆಲಸ ಉಂಟು" ಎಂದ. ಹದಿನೈದು ದಿನಕ್ಕೆ ನಾನು ನಿರ್ದೇಶಕಿ. ಹತ್ತು ರೂಪಾಯಿಯ ಸಾವಿರ ಷೇರು; ಬಂಡವಾಳ ಹತ್ತು ಸಾವಿರ. ಯಾರಿಗೆಷ್ಟು ಎಂದು ಆನ್‌ಲೈನ್ ಏಜೆಂಟ್ ಕೇಳಿದಾಗ ತಮ್ಮ ಗಂಜಿ ಉಣ್ಣುತ್ತಿದ್ದನಂತೆ. "ಅರ್ಧ ಅರ್ಧ ಹಾಕಿ" ಎಂದನಂತೆ. ಐನೂರು ಅವನಿಗೆ, ಐನೂರು ನನಗೆ.

ಕೆಲಸಕ್ಕೆ ಇನ್ನಿಬ್ಬರು ಬೇಕಾಗಿದ್ದರು. ಒಬ್ಬ ಶಿರವಾಡದ ವಾಯರ್‌ಮನ್, ತಮ್ಮನ ಗೆಳೆಯ. ಇನ್ನೊಬ್ಬರು ನಮ್ಮ ಮಾಮಾ, ಅಮ್ಮನ ಕಿರಿಯ ತಮ್ಮ, ಅರವತ್ತನಾಲ್ಕರವರು. ಚೆಂಡಿಯಾದಲ್ಲಿದ್ದ ಅವರ ಗದ್ದೆ ನೌಕಾನೆಲೆಗೆ ಹೋದ ಮೇಲೆ ತೋಡೂರಿಗೆ ಬಂದು ತಮ್ಮನ ಮನೆಯಿಂದ ಮೂರನೆಯ ಮನೆಯಲ್ಲಿದ್ದಾರೆ. ಏಣಿ ಹಿಡಿಯುವುದರಲ್ಲಿ, ಮೂರನೇ ಮಹಡಿಯ ಗೋಡೆಗೆ ಎ.ಸಿ.ಯ ಹೊರಪೆಟ್ಟಿಗೆಯನ್ನು ಹಗ್ಗದಲ್ಲಿ ಏರಿಸುವುದರಲ್ಲಿ ಅವರನ್ನು ಮೀರಿದವರಿಲ್ಲ. ಹರೆಯವಿಡೀ ರಂಪಣಿ ಎಳೆದ ಕೈ. ಕೆಲಸಕ್ಕೆ ಕರೆದಾಗ ಮಾಮಾ ಹೇಳಿದ ಮಾತು ಒಂದೇ.

"ಕೂಲಿ ಎಷ್ಟು ಹೇಳಬೇಡ ಪುತಾ. ಪಾಲು ಎಷ್ಟು ಹೇಳು."

"ಒಂದು ಪಾಲು ಮಾಮಾ. ನನಗೆಷ್ಟೋ ನಿನಗೂ ಅಷ್ಟೇ" ಎಂದಿದ್ದ ತಮ್ಮ. ಕಂಪನಿ ತಿಂಗಳಿಗೆ ಕೊಡುತ್ತಿದ್ದ ಸಂಬಳವನ್ನು ಮಾಮಾ ಸಂಬಳ ಎಂದು ಒಮ್ಮೆಯೂ ಕರೆಯಲಿಲ್ಲ. ಅದಕ್ಕೆ ಅವರಿಟ್ಟ ಹೆಸರು 'ಗಂಜಿ ದುಡ್ಡು'.

ರಂಪಣಿ ಎಂದರೆ ದಂಡೆಯಿಂದ ಎಳೆಯುವ ಭಾರೀ ಬಲೆ. ದೋಣಿಯಲ್ಲಿ ಹೋಗಿ ಸಮುದ್ರದಲ್ಲಿ ಬಲೆ ಸುತ್ತು ಹಾಕಿ ಬರುತ್ತಾರೆ. ಎರಡು ತುದಿಯ ಹಗ್ಗವನ್ನು ಮರಳಿನ ಮೇಲೆ ನಿಂತವರು ಎಳೆಯುತ್ತಾರೆ. ಬಂದ ಮೀನಿನಲ್ಲಿ ಮೊದಲು ದೇವರಿಗೆ, ಆಮೇಲೆ ದೋಣಿಗೆ ಪಾಲು, ಬಲೆಗೆ ಪಾಲು, ಎಳೆದ ಪ್ರತಿಯೊಬ್ಬನಿಗೂ ಪಾಲು. ಲೆಕ್ಕ ಇಟ್ಟವನಿಗೂ ಉಂಟು. ಸುಮ್ಮನೆ ಬಂದು ಹಗ್ಗ ಮುಟ್ಟಿದವನಿಗೂ ಒಂದು ಹೊತ್ತಿನ ಸಾರಿಗಾಗುವಷ್ಟು ಮೀನು. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ. ಹಾಗಾಗಿ ವರ್ಷದ ಕೊನೆ ಬಂತು, ಬ್ಯಾಂಕಿನಲ್ಲಿ ದುಡ್ಡು ನಿಂತಿತು ಎಂದಾಗ ಹೇಗೆ ಹಂಚುವುದು ಎಂಬ ಪ್ರಶ್ನೆಯೇ ನಮ್ಮಲ್ಲಿ ಏಳಲಿಲ್ಲ. ಟೆಂಪೋ ನಮ್ಮ ದೋಣಿ, ಏಣಿ ನಮ್ಮ ಬಲೆ, ಲೆಕ್ಕ ಬರೆದವಳು ನಾನು. ಟೆಂಪೋದ ಪಾಲನ್ನೂ ಏಣಿಯ ಪಾಲನ್ನೂ ತಮ್ಮನ ಹೆಂಡತಿ ಬಿಸ್ಕೀಟಿನ ಡಬ್ಬದಲ್ಲಿಟ್ಟು ಮುಚ್ಚಳಕ್ಕೆ ಕುಂಕುಮ ಹಚ್ಚಿದಳು.

ಆ ಮಧ್ಯಾಹ್ನದಷ್ಟು ನಕ್ಕಿದ್ದು ನೆನಪಿಲ್ಲ. ವಾಯರ್‌ಮನ್ ತನ್ನ ನಲವತ್ತು ಸಾವಿರವನ್ನು ನಾಲ್ಕು ಸಲ ಎಣಿಸಿ, ನಾಲ್ಕು ಸಲವೂ ಬೇರೆ ಬೇರೆ ಮೊತ್ತ ಬಂದು, ಐದನೆಯ ಸಲಕ್ಕೆ ಮೀಟರ್ ರೀಡರ್ ಕೈಗೆ ಕೊಟ್ಟ. ತಮ್ಮ, ತನ್ನನ್ನು ಯಾರೂ 'ಡೈರೆಕ್ಟರ್ ಸಾಹೇಬರು' ಎಂದು ಕರೆಯುತ್ತಿಲ್ಲ ಎಂದು ದೂರಿದ. ಅವನ ಹೆಂಡತಿ ಒಳಗಿನಿಂದಲೇ, "ಡೈರೆಕ್ಟರ್ ಸಾಹೇಬ್ರೇ, ಬಾವಿಯಿಂದ ಎರಡು ಕೊಡ ನೀರು ತನ್ನಿ" ಎಂದಳು. ಸಾಹೇಬರು ತಂದರು.

ಮಾಮಾ ಮಾತ್ರ ಎಣಿಸಲಿಲ್ಲ. ಕಟ್ಟನ್ನು ಟವೆಲಿನಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡರು. ಅದು ಯಾತಕ್ಕೆಂದು ಎಲ್ಲರಿಗೂ ಗೊತ್ತಿತ್ತು. ಅವರ ಸಣ್ಣ ಪಾತಿ ದೋಣಿ ಇನ್ನೂ ಇತ್ತು. ಗಂಟೆಗಟ್ಟಲೆ ಹುಟ್ಟು ಹಾಕಲು ಬಲಭುಜ ಒಪ್ಪುತ್ತಿರಲಿಲ್ಲ. ಬೇಲೆಕೇರಿಯಲ್ಲಿ ಒಬ್ಬರು ದೋಣಿಗೆ ಕಟ್ಟುವ ಹಳೆಯ ಎಂಜಿನ್ ಮಾರುವವರಿದ್ದರು. ಬೆಲೆ ನಲವತ್ತೊಂದು ಸಾವಿರದ ಐನೂರು. ಮಾಮಾ ಮೂರು ತಿಂಗಳಿಂದ ಪ್ರತಿ ಭಾನುವಾರ ಬಸ್ಸಿನಲ್ಲಿ ಹೋಗಿ ಆ ಎಂಜಿನ್ನನ್ನು ನೋಡಿ ಬರುತ್ತಿದ್ದರು. ಮರುದಿನ ಭಾನುವಾರವೂ ಹೋದರು. ಇಪ್ಪತ್ತೈದು ಸಾವಿರ ಮುಂಗಡ ಕೊಟ್ಟು ಬಂದರು.

ಸೋಮವಾರ, ಮಾರ್ಚ್ 24, ಬೆಳಿಗ್ಗೆ ಹತ್ತೂಕಾಲಿಗೆ ನಾವು ಮೂವರು, ತಮ್ಮ, ಮಾಮಾ, ನಾನು, ಅಂಕೋಲೆಯಲ್ಲಿ ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿದ್ದೆವು. ಅದು ನಮ್ಮ ಸಿ.ಎ. ಅವರ ಕಚೇರಿ. ಮೂವತ್ತು ದಾಟದ ಹೆಣ್ಣುಮಗಳು. ಮಾರ್ಚ್ ಕೊನೆಯಾದ್ದರಿಂದ ಕುರ್ಚಿಗಳ ಮೇಲೂ ಫೈಲು. ಮಾಮಾ ಯಾರದೋ ಮೂರು ವರ್ಷದ ವ್ಯವಹಾರದ ಮೇಲೆ ಕೂತರು. ನಾನು ನಡಾವಳಿ ಪುಸ್ತಕ ಮುಂದಿಟ್ಟೆ. ಶನಿವಾರದ ಹಂಚಿಕೆಯನ್ನು ವರದಿಯ ಹಾಗೆ, ಯಾರು, ಎಲ್ಲಿ, ಯಾವಾಗ, ಎಷ್ಟು ಎಂದು ಒಂದೂವರೆ ಪುಟ ಬರೆದಿದ್ದೆ. ತಲೆಬರಹ: 'ಲಾಭಾಂಶ ವಿತರಣೆ'. ಕೆಳಗೆ ಇಬ್ಬರು ನಿರ್ದೇಶಕರ ಸಹಿ.

ಅವರು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ಓದಿದರು.

"ಟೆಂಪೋಕ್ಕೆ ಲಾಭಾಂಶ ಕೊಟ್ಟಿದ್ದೀರಾ?"

"ಹೌದು ಮೇಡಂ" ಎಂದ ತಮ್ಮ.

"ಟೆಂಪೋಕ್ಕೆ ಪಾನ್ ಕಾರ್ಡ್ ಉಂಟಾ?"

"ಆರ್‌ಸಿ ಉಂಟು."

ಅವರು ಮೇಜಿನ ಮೇಲೆ ತಲೆಯಿಟ್ಟರು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದು ಮಾಮಾ ಗಾಬರಿಯಾಗಿ ನೀರಿನ ಬಾಟಲಿ ಮುಂದೆ ಹಿಡಿದರು. ತಲೆ ಎತ್ತಿದಾಗ ಅವರ ಕಣ್ಣಲ್ಲಿ ನೀರಿತ್ತು, ಆದರೆ ನಗುವಿನದು.

"ದೇವರು ಷೇರುದಾರರಾ?"

"ಊರಿಗೇ ಷೇರುದಾರ ಅಂವ" ಎಂದರು ಮಾಮಾ.

"ದಾರಿ ಕೇಳಲು ಬಂದ ಬೈಕಿನವರು?"

ಅವರು ನನ್ನತ್ತ ತಿರುಗಿ, "ಅಕ್ಕಾ, ಇಷ್ಟು ಸ್ಪಷ್ಟವಾಗಿ ಬರೆದ ತಪ್ಪನ್ನು ನಾನು ಈವರೆಗೆ ನೋಡಿಲ್ಲ" ಎಂದರು. ಇದನ್ನು ಹೊಗಳಿಕೆ ಎಂದು ತೆಗೆದುಕೊಳ್ಳಬಹುದೇ ಎಂದು ನಾನು ಕೇಳಲಿಲ್ಲ.

ಆಮೇಲೆ ಅವರು ಹೇಳಿದ್ದನ್ನು ಅದೇ ಕ್ರಮದಲ್ಲಿ ಬರೆದುಕೊಂಡೆ. ಕಂಪನಿಯ ದುಡ್ಡು ತಮ್ಮನದಲ್ಲ, ನನ್ನದೂ ಅಲ್ಲ, ಅದು ಕಂಪನಿಯದು. ಅದು ಮೊದಲು ತನ್ನ ಲಾಭದ ಮೇಲೆ ತೆರಿಗೆ ಕಟ್ಟಬೇಕು, ಕಾಲು ಭಾಗಕ್ಕಿಂತ ಒಂದಿಷ್ಟು ಹೆಚ್ಚು. ಮುಂಗಡ ತೆರಿಗೆಯ ಕೊನೆಯ ಕಂತು ಮಾರ್ಚ್ ಹದಿನೈದಕ್ಕೇ ಹೋಗಬೇಕಿತ್ತು. ("ತೆರಿಗೆ ಜುಲೈಗಲ್ಲವಾ?" ಎಂದ ತಮ್ಮ. "ಅದು ಲೆಕ್ಕ ಒಪ್ಪಿಸೋದು. ದುಡ್ಡು ಅವರು ಮೊದಲೇ ಕೇಳ್ತಾರೆ" ಎಂದರು ಸಿ.ಎ.) ಮೂವತ್ತೊಂದರೊಳಗೆ ಕಟ್ಟಿದರೆ ಬಡ್ಡಿ ಸ್ವಲ್ಪದರಲ್ಲಿ ಹೋಗುತ್ತದೆ. ತೆರಿಗೆ ತೆಗೆದಿಟ್ಟು ಉಳಿದದ್ದರಲ್ಲಿ ಮಾತ್ರ ಲಾಭಾಂಶ. ಅದು ಷೇರುದಾರರಿಗೆ ಮಾತ್ರ, ಷೇರಿನ ಲೆಕ್ಕದಲ್ಲಿ ಮಾತ್ರ, ಬೇರೆ ಬ್ಯಾಂಕ್ ಖಾತೆಯ ಮೂಲಕ. ಆದ್ದರಿಂದ ಶನಿವಾರ ಹಂಚಿದ ಪೂರ್ತಿ ನಗದು ಮೊದಲು ಬ್ಯಾಂಕಿಗೆ ವಾಪಸು ಬರಬೇಕು. ಬುಧವಾರದೊಳಗೆ.

"ದೇವರಿಂದಲೂ?" ಎಂದರು ಮಾಮಾ.

"ದೇವರದ್ದು, ಬೈಕಿನವರದ್ದು ಎಲ್ಲ ಸೇರಿ ಐದು ಸಾವಿರ ಡೈರೆಕ್ಟರ್ ಸಾಹೇಬರು ಕಿಸೆಯಿಂದ ತುಂಬಲಿ." ತಮ್ಮನನ್ನು ಸಾಹೇಬರೇ ಎಂದು ಮನಸ್ಸಿನಿಂದ ಕರೆದ ಮೊದಲಿಗರು ಅವರೇ.

ಬಿಸ್ಕೀಟ್ ಡಬ್ಬದ ಕತೆ ಕೇಳಿ ಅವರು ಮತ್ತೆ ಹಗುರಾದರು. ಟೆಂಪೋದ ಪಾಲು, ಏಣಿಯ ಪಾಲು ಎಂದು ಬದಿಗೆ ತೆಗೆದಿಡುವುದಕ್ಕೆ ಲೆಕ್ಕಶಾಸ್ತ್ರದಲ್ಲಿ ಸವಕಳಿ ಎನ್ನುತ್ತಾರಂತೆ. ಹಳೆಯದಾಗುವ ವಸ್ತುವಿಗೆ ವರ್ಷ ವರ್ಷವೂ ಬಿಡುವ ಭಾಗ. "ನಾನು ಇದನ್ನು ಐದು ವರ್ಷ ಓದಿದೆ. ನೀವು ಮೀನಿನ ರಾಶಿ ಮುಂದೆ ನಿಂತು ಮಾಡ್ತಿದ್ರಿ" ಎಂದರು. ಮಾಮಾಗೆ ಎಷ್ಟು ಖುಷಿಯಾಯಿತೆಂದರೆ ಕೂತಿದ್ದ ಫೈಲು ಜಾರಿ ಮೂರು ವರ್ಷದ ವ್ಯವಹಾರ ನೆಲಕ್ಕೆ ಹರಡಿತು. ನಾವು ನಾಲ್ವರೂ ಕೂತು ಆರಿಸಿದೆವು.

ಕಾಗದ ಆರಿಸುತ್ತಲೇ ಸಿ.ಎ. ಸುಲಭದ ದಾರಿ ಹೇಳಿದರು. ವಾಯರ್‌ಮನ್‌ಗೂ ಮಾಮಾಗೂ ತಲಾ ನಲವತ್ತು ಸಾವಿರ ಬೋನಸ್ ಎಂದು ಬರೆಯುವುದು. ಬೋನಸ್ ಕಂಪನಿಗೆ ಖರ್ಚು. ಅಷ್ಟರ ಮೇಲೆ ತೆರಿಗೆ ಕಟ್ಟುವುದೂ ತಪ್ಪುತ್ತದೆ. ವಾಯರ್‌ಮನ್‌ನನ್ನು ಫೋನಿನಲ್ಲಿ ಕೇಳಿದ್ದಾಯಿತು. "ಎಂತ ಹೆಸರಾದ್ರೂ ಇಡಿ ಮಾರಾಯ್ರೆ, ನಾಮಕರಣಕ್ಕೆ ನನ್ನ ಕರೀಬೇಕೂ ಇಲ್ಲ, ದುಡ್ಡು ಬಂದ್ರೆ ಸಾಕು" ಎಂದ.

ಮಾಮಾ ಕೈಯಲ್ಲಿದ್ದ ಕಾಗದ ಕೆಳಗಿಟ್ಟರು.

"ಬೋನಸ್ ಕೊಡೂದು ಯಾರು ತಂಗಿ?"

"ಕಂಪನಿ."

"ತಕ್ಕಳೂದು?"

"ನೌಕರರು."

"ನಾ ನೌಕರ ಅಲ್ಲ."

"ತಿಂಗಳಿಗೆ ಪಗಾರ ತಗೊಳ್ತೀರಲ್ಲ ಮಾಮಾ?"

"ಅದು ಗಂಜಿ ದುಡ್ಡು. ನೋಡು ತಂಗಿ, ಮಾಲಕ ಖುಷಿಯಾದ್ರೆ ಬೋನಸ್. ಅಂವ ಖುಷಿಯಾಗದೆ ಇದ್ರೂ ಸಿಗೂದು ಪಾಲು. ನಾ ವರ್ಷಪೂರ್ತಿ ಹಗ್ಗ ಎಳೆದದ್ದು ಪಾಲಿಗೆ. ಬೋನಸ್ ಆದ್ರೆ ನನಗೆ ಬೇಡ. ಎಂಜಿನ್ನೂ ಬೇಡ."

ನಗು ಅಲ್ಲಿಗೆ ನಿಂತಿತು. ಕೆಳಗೆ ಔಷಧಿ ಅಂಗಡಿಯಲ್ಲಿ ಯಾರೋ ಕೆಮ್ಮಿನ ಸಿರಪ್ಪಿಗೆ ಚೌಕಾಸಿ ಮಾಡುತ್ತಿದ್ದದ್ದು ಕೇಳಿಸುತ್ತಿತ್ತು. ಸಿ.ಎ. ಅವರನ್ನು ತಮ್ಮ ನೋಡಿದ. ಅವರು ಗೋಡೆಯ ಕ್ಯಾಲೆಂಡರ್ ನೋಡಿದರು.

"ಪಾಲೇ ಬೇಕು ಅಂದ್ರೆ ಮಾಮಾ ಷೇರುದಾರರಾಗಬೇಕು. ಲಾಭಾಂಶ ಘೋಷಿಸೋದಕ್ಕಿಂತ ಮೊದಲೇ. ಯಾರಾದ್ರೂ ತಮ್ಮ ಷೇರು ಅವರಿಗೆ ಮಾರಬೇಕು."

ಕಂಪನಿಗೆ ಎಷ್ಟು ಜನ ಷೇರುದಾರರು ಸಾಕು ಎಂದು ಕೇಳಿದೆ. ಇಬ್ಬರು ಎಂದರು. ಷೇರಿಲ್ಲದೆ ನಿರ್ದೇಶಕಿಯಾಗಿ ಇರಬಹುದೇ ಎಂದೆ. ಇರಬಹುದು ಎಂದರು. ಲೆಕ್ಕ ಬರೆದವರ ಪಾಲು? ಅದನ್ನು ನಿರ್ದೇಶಕರ ಶುಲ್ಕ ಎಂದು ಕೊಡಬಹುದು, ತೆರಿಗೆ ಹಿಡಿದು. ಹಾಗಾದರೆ ನನ್ನ ಐನೂರು ಮಾಮಾಗೆ ಎಂದೆ.

ಸಿ.ಎ. ತಮ್ಮನಿಗೆ ಎಚ್ಚರಿಕೆ ಹೇಳಿದರು. ಇನ್ನು ಕಂಪನಿಯ ಅರ್ಧ ಮಾಮಾರದು. ಮುಂದೆ ಅವರು ಲೆಕ್ಕ ಕೇಳಬಹುದು, ಪ್ರಶ್ನೆ ಹಾಕಬಹುದು.

"ಈಗೇನು ಹಾಕೂದಿಲ್ವಾ ಮೇಡಂ?" ಎಂದ ತಮ್ಮ.

ಮಾಮಾರದನ್ನು ಬೋನಸ್ ಎನ್ನದೆ ಲಾಭಾಂಶ ಎಂದದ್ದರಿಂದ ಕಂಪನಿ ಹೆಚ್ಚಿಗೆ ಕಟ್ಟಬೇಕಾದ ತೆರಿಗೆ ಸುಮಾರು ಹತ್ತು ಸಾವಿರ ರೂಪಾಯಿ. ಆ ಮೊತ್ತವನ್ನು ಸಿ.ಎ. ಕ್ಯಾಲ್ಕುಲೇಟರಿನಲ್ಲಿ ತೋರಿಸಿದರು. ತಮ್ಮ ನೋಡಿ, "ಹೂಂ" ಎಂದ. ಮಾಮಾಗೆ ಷೇರು ಧರ್ಮಕ್ಕೆ ಬೇಡ. ಹತ್ತು ರೂಪಾಯಿಯಂತೆ ಐದು ಸಾವಿರ ಕೊಟ್ಟೇ ಕೊಳ್ಳುತ್ತೇನೆ ಎಂದರು. ಎಂಜಿನ್ನಿಗೆಂದು ಅವರ ಹತ್ತಿರ ಬೇರೆ ಉಳಿತಾಯ ಏಳು ಸಾವಿರವಿತ್ತು. ಐದು ಹೋದರೆ ಎರಡು. ಅದಕ್ಕೆ ಲಾಭಾಂಶದ ನಲವತ್ತು ಸೇರಿದರೆ ನಲವತ್ತೆರಡು. ಎಂಜಿನ್ನಿಗೆ ಸಾಲುತ್ತದೆ, ಐನೂರು ಮಿಗುತ್ತದೆ. ಈ ಲೆಕ್ಕವನ್ನು ಮಾಮಾ ಬೆರಳಲ್ಲೇ ಮುಗಿಸಿದರು.

ಅಡ್ಡಿ ಒಂದೇ. ಬ್ಯಾಂಕಿಗೆ ಮರಳಬೇಕಾದ ನಲವತ್ತರಲ್ಲಿ ಇಪ್ಪತ್ತೈದು ಸಾವಿರ ಬೇಲೆಕೇರಿಯಲ್ಲಿತ್ತು. ತಮ್ಮ ಕೈಗಡ ಕೊಡುತ್ತೇನೆಂದ. ಮಾಮಾ, "ನಿನ್ನ ದುಡ್ಡು ತಂದು ನನ್ನ ದುಡ್ಡು ಅಂತ ಬ್ಯಾಂಕಿನಲ್ಲಿ ಹೇಳ್ಲಾ? ಆ ತಂಗಿ ಮತ್ತೆ ಮೇಜಿಗೆ ತಲೆ ಇಡ್ತದೆ" ಎಂದರು.

ಮಂಗಳವಾರ ಬೆಳಿಗ್ಗೆಯಿಂದ ವಸೂಲಿ. ವಾಯರ್‌ಮನ್‌ನ ಹೆಂಡತಿ ಶಿರವಾಡದಲ್ಲಿ ಆಗಲೇ ಒಂದು ಮಿಕ್ಸರ್ ತಂದಿದ್ದಳು, ಉಳಿದ ದುಡ್ಡನ್ನು ಕೊಡುವಾಗ, "ಮಿಕ್ಸರ್‌ನೂ ಬ್ಯಾಂಕಿಗೆ ಕಟ್ಟಬೇಕಾ? ಚಟ್ನಿ ಅರೆದಾಗಿದೆ" ಎಂದಳು. ಮಿಕ್ಸರಿನ ಬೆಲೆಯಷ್ಟನ್ನು ಆಕೆಯೇ ತನ್ನ ಸ್ವಸಹಾಯ ಸಂಘದಿಂದ ತೆಗೆದು ತುಂಬಿದಳು. ತಮ್ಮನ ಹೆಂಡತಿ ಡಬ್ಬದ ಕುಂಕುಮ ಒರೆಸದೆ ಹಾಗೇ ಕೊಟ್ಟಳು. ಬ್ಯಾಂಕಿನ ಕ್ಯಾಶಿಯರ್‌ನ ಬೆರಳು ಕೆಂಪಾಯಿತು.

ಮಧ್ಯಾಹ್ನ ಊಟವಾದ ಮೇಲೆ ಬೇಲೆಕೇರಿ. ಎಂಜಿನ್ ಮಾರುವವರು ಮಾಮಾಗಿಂತ ಹಿರಿಯರು, ಮಂಡಿ ನೋವಿನಿಂದ ದೋಣಿ ಬಿಟ್ಟವರು. ಎಂಜಿನ್ ಅವರ ಜಗಲಿಯಲ್ಲಿ, ಹಳೆಯ ಸೀರೆ ಹೊದ್ದು ಕೂತಿತ್ತು. ಮುಂಗಡ ಮೂರು ದಿನಕ್ಕೆ ವಾಪಸು ಬೇಕು, ಶುಕ್ರವಾರ ಪೂರ್ತಿ ತರುತ್ತೇನೆ ಎಂದು ಮಾಮಾ ನೆಲ ನೋಡುತ್ತ ಹೇಳಿದರು.

"ಯಾಕೆ?" ಎಂದರು ಅವರು.

"ನಾ ಕಂಪನಿ ಮಾಲಕ ಆಗ್ತಾ ಇದ್ದೆ. ಅದಕ್ಕೆ."

ಅವರು ತಮ್ಮನನ್ನು, ನನ್ನನ್ನು, ಹೊರಗೆ ನಿಂತ ಟೆಂಪೋವನ್ನು ನೋಡಿದರು. ಬಾಗಿಲಲ್ಲಿದ್ದ ಅವರ ಹೆಂಡತಿ, "ಮಾಲಕ ಆಗೋರು ದುಡ್ಡು ಕೊಡ್ತಾರೆ ಕೇಳಿದ್ದೆ. ಕೊಟ್ಟದ್ದನ್ನ ವಾಪಸ್ ಕೇಳೂ ಮಾಲಕ್ರನ್ನ ಇವತ್ತೇ ಕಂಡದ್ದು" ಎಂದರು. ಮಾಮಾ ನಕ್ಕರು. ನಾವೂ ನಕ್ಕೆವು. ಆಕೆ ಒಳಗೆ ಹೋಗಿ ಇಪ್ಪತ್ತೈದು ಸಾವಿರ ತಂದು ಕೊಟ್ಟರು. ಮಾಮಾ ಕಟ್ಟಿದ್ದ ಅದೇ ರಬ್ಬರ್ ಬ್ಯಾಂಡು ಇನ್ನೂ ಬಿಚ್ಚಿರಲಿಲ್ಲ. ಆದರೆ ಮುದುಕರು ಒಂದು ಮಾತು ಹೇಳಿದರು. ಹಾರವಾಡದ ಒಬ್ಬಾತ ಶುಕ್ರವಾರ ಸಂಜೆ ಪೂರ್ತಿ ನಗದು ಹಿಡಿದು ಬರುವವನಿದ್ದಾನೆ. ಮೊದಲು ಯಾರು ಬಂದರೆ ಅವರಿಗೆ.

ಬುಧವಾರ ಎರಡು ಲಕ್ಷ ನಲವತ್ತೈದು ಸಾವಿರ ಪೂರ್ತಿ ಕಂಪನಿಯ ಖಾತೆಯಲ್ಲಿತ್ತು. ಹನ್ನೊಂದಕ್ಕೆ ತೋಡೂರಿನ ಅದೇ ಅಂಗಳದಲ್ಲಿ ಷೇರು ವರ್ಗಾವಣೆಯ ಫಾರಂಗೆ ಸಹಿಯಾಯಿತು. ಚೆಂಡಿಯಾ ಗದ್ದೆಯ ಪರಿಹಾರ ಬಂದಾಗ ಮಾಡಿಸಿದ್ದ ಮಾಮಾರ ಪಾನ್ ಕಾರ್ಡು ಈಗ ಎರಡನೇ ಸಲ ಪ್ಲಾಸ್ಟಿಕ್ ಚೀಲದಿಂದ ಹೊರಬಂತು. ಮಾಮಾ ಐದು ಸಾವಿರ ಎಣಿಸಿ ಕೊಟ್ಟರು, ನಾನು ಎಣಿಸಿ ತೆಗೆದುಕೊಂಡೆ. ಆಮೇಲೆ ನಿರ್ದೇಶಕರ ಸಭೆ. ವಾಯರ್‌ಮನ್‌ಗೆ ಬೋನಸ್, ನನಗೆ ಶುಲ್ಕ ಎಂದು ಬರೆದಾಯಿತು. ಷೇರಿಗೆ ಎಂಬತ್ತು ರೂಪಾಯಿ ಮಧ್ಯಂತರ ಲಾಭಾಂಶ ಎಂದು ನಿರ್ಣಯ. ಐನೂರು ಷೇರಿಗೆ ನಲವತ್ತು ಸಾವಿರ. ಬರೆಯುತ್ತ ಬರೆಯುತ್ತ ನನ್ನ ಪೆನ್ನು ನಿಂತಿತು. ಹತ್ತು ರೂಪಾಯಿಯ ಷೇರಿಗೆ ಎಂಬತ್ತು ಎಂದರೆ ಶೇಕಡಾ ಎಂಟುನೂರು. ಇಪ್ಪತ್ತೆರಡು ವರ್ಷದಲ್ಲಿ ವಾಣಿಜ್ಯ ಪುಟಕ್ಕೆ ಇಂಥ ಸುದ್ದಿ ನನ್ನ ಕೈಗೆ ಬಂದದ್ದಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದ್ದು ತಪ್ಪಾಯಿತು. ತಮ್ಮ ಅಂದಿನಿಂದ ಮೂರು ದಿನ ಎದುರಿಗೆ ಸಿಕ್ಕವರಿಗೆಲ್ಲ, "ನಮ್ಮ ಕಂಪನಿ ಎಂಟುನೂರು ಪರ್ಸೆಂಟ್ ಡಿವಿಡೆಂಡ್ ಕೊಡ್ತು" ಎಂದು ಹೇಳಿದ. ಮೀನಿನ ಹೆಂಗಸು, "ಹಾಗಾದ್ರೆ ಬಂಗಡೆಗೆ ಚೌಕಾಸಿ ಮಾಡಬೇಡಿ" ಎಂದು ನೂರಕ್ಕೆ ಎಂಟರ ಬದಲು ಆರೇ ಎಣಿಸಿಟ್ಟಳು.

ಲಾಭಾಂಶದಲ್ಲಿ ಹತ್ತರಲ್ಲೊಂದು ತೆರಿಗೆಯಾಗಿ ಹಿಡಿಯಬೇಕು. ಹಿರಿಯ ನಾಗರಿಕರಿಗೆ, ತೆರಿಗೆ ಬರುವಷ್ಟು ಆದಾಯವಿಲ್ಲದಿದ್ದರೆ, ಹಿಡಿಯಬೇಡಿ ಎಂದು ಬರೆದುಕೊಡುವ ಅರ್ಜಿಯೊಂದಿದೆ. ಮಾಮಾ ಅದಕ್ಕೆ ಸಹಿ ಹಾಕಿದರು. ತಮ್ಮನಿಗೆ ಆ ಸೌಲಭ್ಯವಿಲ್ಲ.

"ಅಂದ್ರೆ ಡೈರೆಕ್ಟರ್ ಸಾಹೇಬ್ರಿಗೆ ಮೂವತ್ತಾರು, ನನಗೆ ನಲವತ್ತು?" ಎಂದು ಮಾಮಾ ಮೂರು ಸಲ ಕೇಳಿ ಖಚಿತಪಡಿಸಿಕೊಂಡರು. ನಾಲ್ಕನೆಯ ಸಲ ತಮ್ಮನ ಹೆಂಡತಿಯನ್ನು ಕರೆದು ಅವಳೆದುರು ಕೇಳಿದರು.

ಶುಕ್ರವಾರ, ಮಾರ್ಚ್ 28. ಮಾಮಾರ ಖಾತೆ ಕಾರವಾರದ ಇನ್ನೊಂದು ಬ್ಯಾಂಕಿನಲ್ಲಿ. ಮಧ್ಯಾಹ್ನ ಎರಡಕ್ಕೆ ಕಂಪನಿಯ ಲಾಭಾಂಶ ಖಾತೆಯಿಂದ ದುಡ್ಡು ಹೊರಟಿತು ಎಂದು ತಮ್ಮನ ಫೋನಿಗೆ ಸಂದೇಶ ಬಂತು. ಮಾಮಾರ ಬ್ಯಾಂಕಿನ ಬೆಂಚಿನಲ್ಲಿ ನಾವು ಮೂವರು ಕೂತಿದ್ದೆವು. ಎರಡೂವರೆಗೆ ಬರಲಿಲ್ಲ. ಮೂರಕ್ಕೂ ಬರಲಿಲ್ಲ. ಮಾರ್ಚ್ ಕೊನೆ, ಸರ್ವರ್ ನಿಧಾನ ಎಂದರು. ನಗದು ಕೌಂಟರ್ ನಾಲ್ಕಕ್ಕೆ ಮುಚ್ಚುತ್ತದೆ. ಮಾಮಾ ಸಾಲಿನಲ್ಲಿ ನಿಂತೇಬಿಟ್ಟರು. ಸರದಿ ಬಂದಾಗಲೆಲ್ಲ ಹಿಂದಿನವರನ್ನು ಮುಂದೆ ಬಿಟ್ಟು ಮತ್ತೆ ಕೊನೆಗೆ ಹೋಗುತ್ತಿದ್ದರು. ಹೀಗೆ ನಾಲ್ಕು ಸಲ. ಐದನೆಯ ಸಲ ಕ್ಯಾಶಿಯರ್, "ಅಜ್ಜಾ, ನಿಮಗೆ ದುಡ್ಡು ಬೇಕಾ, ಇಲ್ಲಾ ಜನರ ಸೇವೆ ಮಾಡ್ತಾ ಇದ್ದೀರಾ?" ಎಂದ. ಮೂರು ಮೂವತ್ತೇಳಕ್ಕೆ ಮಾಮಾರ ಕಿಸೆಯಲ್ಲಿ ಫೋನ್ ಸದ್ದು ಮಾಡಿತು. ಮಾಮಾ ಸಂದೇಶ ನೋಡದೆ ಫೋನನ್ನೇ ಗಾಜಿನ ತೂತಿನೊಳಗೆ ತಳ್ಳಿದರು.

ಟೆಂಪೋ ಕಾರವಾರ ಬಿಟ್ಟದ್ದು ಮೂರು ಐವತ್ತೆರಡಕ್ಕೆ. ಅರ್ಗಾ ದಾಟಿದೆವು. ನಮ್ಮದೇ ತೋಡೂರು ಕ್ರಾಸು ಬಂತು, ಹೋಯಿತು. ಮುಂದೆ ಹೋಗುತ್ತಿದ್ದ ಪ್ರತಿ ಬೈಕನ್ನೂ ಮಾಮಾ, "ಅಂವನೇ ಹಾರವಾಡದಂವ, ದಾಟು, ದಾಟು!" ಎಂದು ತೋರಿಸುತ್ತಿದ್ದರು. ತಮ್ಮ ಏಳು ಹಾರವಾಡದವರನ್ನು ದಾಟಿದ. ಅವರಲ್ಲಿ ಒಬ್ಬರು ಪಾದ್ರಿ, ಒಬ್ಬರು ಗರ್ಭಿಣಿ ಹೆಂಡತಿಯನ್ನು ಕೂರಿಸಿಕೊಂಡವರು. ಒಬ್ಬಾತ ಸಿಟ್ಟಿನಿಂದ ಕೈ ತೋರಿಸಿದಾಗ ಮಾಮಾ ಕಿಟಕಿಯಿಂದ ಅರ್ಧ ಹೊರಗೆ ಬಾಗಿ, "ಡಿವಿಡೆಂಡ್! ಡಿವಿಡೆಂಡ್!" ಎಂದು ಕೂಗಿದರು. ನಕ್ಕು ನಕ್ಕು ನನ್ನ ಪೆನ್ನು ಜಾರಿತು. ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡ ಸಮಯಗಳು ಆ ಪುಟದಲ್ಲಿ ಓರೆಕೋರೆಯಾಗಿವೆ.

ಬೇಲೆಕೇರಿ ತಲುಪಿದ್ದು ನಾಲ್ಕು ಮೂವತ್ತೊಂಬತ್ತಕ್ಕೆ. ಜಗಲಿಯಲ್ಲಿ ಒಬ್ಬಾತ ಕೂತು ಕೋಕಂ ಶರಬತ್ತು ಕುಡಿಯುತ್ತಿದ್ದ. ಎಂಜಿನ್ನಿನ ಮೇಲೆ ಸೀರೆ ಇರಲಿಲ್ಲ. ಮಾಮಾ ಟೆಂಪೋದಿಂದ ಇಳಿಯಲಿಲ್ಲ.

ಮನೆಯ ಹೆಂಗಸು ಹೊರಗೆ ಬಂದು, "ಮಾಲಕ್ರೇ, ಇಳೀರಿ. ಇಂವ ನಮ್ಮ ಅಳಿಯ. ಎಂಜಿನ್ ಒರೆಸೂಕೆ ಕರೆಸಿದ್ದೆ" ಎಂದರು.

ಮಾಮಾ ಇಳಿದರು. ಮುದುಕರು ನಲವತ್ತೊಂದು ಸಾವಿರದ ಐನೂರನ್ನು ಎರಡು ಸಲ ಎಣಿಸಿದರು. ಎಂಜಿನ್ನನ್ನು ತಮ್ಮ, ಅಳಿಯ ಸೇರಿ ಎತ್ತಿ ಟೆಂಪೋದಲ್ಲಿಟ್ಟರು. ಕಟ್ಟುವ ಹಗ್ಗಕ್ಕೆ ಬೇರೆಯವರು ಕೈ ಹಾಕಲು ಮಾಮಾ ಬಿಡಲಿಲ್ಲ, ತಾವೇ ಬಿಗಿದರು. ಐದೂ ಹತ್ತಕ್ಕೆ ನಾವು ಹೊರಡುವಾಗ ಕೆಂಪು ಬೈಕೊಂದು ಎದುರಿಗೆ ಬಂತು. ಅದರ ಸವಾರ ಟೆಂಪೋದೊಳಗೆ ಕಂಡ ಎಂಜಿನ್ನನ್ನು ಕತ್ತು ತಿರುಗಿಸಿ ತಿರುಗಿಸಿ ನೋಡಿದ. ಮಾಮಾ ಅವನಿಗೆ ನಮಸ್ಕಾರ ಮಾಡಿದರು. ಅವರ್ಸಾದಲ್ಲಿ ನಿಲ್ಲಿಸಿ ಮಿಕ್ಕ ಐನೂರರಲ್ಲಿ ಎಲ್ಲರಿಗೂ ಬನ್ಸ್, ಚಹ ಕೊಡಿಸಿದರು.

ಕಂಪನಿಯ ತೆರಿಗೆ, ಬಡ್ಡಿ ಸಮೇತ, ಮೂವತ್ತೊಂದಕ್ಕೆ ಆನ್‌ಲೈನಿನಲ್ಲಿ ಕಟ್ಟಲಾಯಿತು.

ಮಾಮಾರ ಆದಾಯ ತೆರಿಗೆ ರಿಟರ್ನನ್ನು ಅದೇ ವರ್ಷ ಆಗಸ್ಟಿನಲ್ಲಿ ಅಂಕೋಲೆಯ ಸಿ.ಎ. ಸಲ್ಲಿಸಿದರು. ಅದು ಮಾಮಾರ ಮೊದಲ ರಿಟರ್ನ್. ಅದರಲ್ಲಿ ಲಾಭಾಂಶ ಎಂಬ ಸಾಲಿನ ಎದುರು ನಲವತ್ತು ಸಾವಿರ ಎಂದಿದೆ. ಕಟ್ಟಬೇಕಾದ ತೆರಿಗೆ, ಸೊನ್ನೆ.